ಮೂಗುರಾಯನ ಮೂಗಿನ ದಾವೆ

ಬ್ಯೂಟಿ ಪಾರ್ಲರಿನ ಅಕ್ಕ ಆವತ್ತು ಬೆಳಗ್ಗೆ ತಲೆಗೆ ಬಣ್ಣ ಹಚ್ಚುವ ಸೀಸೆಯ ಮುಚ್ಚಳ ತೆಗೆಯದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತೆಗೆದಳು. ಸರಿಯಾಗಿ ಅದೇ ಗಳಿಗೆಗೆ ಮೂಗುರಾಯ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿಟ್ಟುಕೊಂಡು ಅವಳ ಬಾಗಿಲ ಮುಂದೆ ಹಾದುಹೋದ. ಸೀಸೆಯೊಳಗಿದ್ದದ್ದು ಹೊರಗೆ ಬಂದು ಅವನ ಮೂಗಿಗೆ ಬಡಿದದ್ದೇ ತಡ, ಅವನು ಹಾವು ಕಂಡ ಕುದುರೆಯ ಹಾಗೆ ಹಿಂದಕ್ಕೆ ನೆಗೆದ. ಬ್ರಷ್ಷು ಎದುರುಗಡೆಯ ಗೋಡೆಗೆ ಹೋಗಿ ಅಂಟಿಕೊಂಡಿತು. ಅವನ ಕಣ್ಣಿಂದ ಹರಿದ ನೀರಿಗೆ ಅಣೆಕಟ್ಟು ಕಟ್ಟಿದ್ದರೆ ಒಂದು ಸಾಧಾರಣ ಊರಿಗೆ ಕರೆಂಟು ಕೊಡಬಹುದಿತ್ತು.

ಬೇರೆ ಯಾರೇ ಹೀಗೆ ನೆಗೆದಿದ್ದರೂ ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನೆಗೆದವನು ಮೂಗುರಾಯ. ಆವತ್ತೇ ಕೋರ್ಟಿನಲ್ಲಿ ಅವನ ಕೇಸು. ಅಪಘಾತದಲ್ಲಿ ವಾಸನೆ ಹಿಡಿಯುವ ತನ್ನ ಶಕ್ತಿಯೇ ಹೋಯಿತು, ಅದಕ್ಕೆ ಪರಿಹಾರ ಕೊಡಿಸಿ ಎಂಬುದೇ ಆ ಕೇಸು.

ಆ ಮೂಗಿನ ವಿಷಯವನ್ನು ಇಲ್ಲಿ ಹೇಳದಿದ್ದರೆ ಮೂಗಿಗೆ ಅನ್ಯಾಯವಾದೀತು. ಅಪಘಾತಕ್ಕೆ ಮೊದಲು ಆ ಮೂಗಿಗಿದ್ದ ಖ್ಯಾತಿ ರಾಜರ ಕಿರೀಟಗಳಿಗೂ ಇರಲಿಲ್ಲ. ಅವನು ಸೆಂಟಿನಂಗಡಿಯಲ್ಲಿ ಮಿಶ್ರಣದ ಮೇಜಿನ ಮುಂದೆ ಕೂತು, ಹತ್ತಾರು ಬಗೆಯ ಎಣ್ಣೆಗಳನ್ನು ಹನಿಹನಿಯಾಗಿ ಬೆರೆಸಿ, ಒಮ್ಮೆ ಮೂಸಿ, ಗುಲಾಬಿ ಅರ್ಧ ಹನಿ ಕಡಿಮೆಯಾಯಿತು ಎಂದರೆ ಮುಗಿಯಿತು. ಭೂಮಂಡಲದಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಯಾರ ಮನೆಯಲ್ಲಿ ಹಾಲು ಉಕ್ಕಿದೆ, ಯಾರ ಮನೆಯಲ್ಲಿ ಇನ್ನೇನು ಉಕ್ಕಲಿದೆ ಎಂದು ಹೇಳುತ್ತಿದ್ದ. ಗಂಡಹೆಂಡಿರ ಜಗಳ ಶುರುವಾಗುವ ಮೊದಲೇ ಅದರ ವಾಸನೆ ಅವನಿಗೆ ಹೊಡೆಯುತ್ತಿತ್ತು ಎಂದು ಹೇಳುವವರಿದ್ದಾರೆ. ಅದೊಂದನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ, ಮುಕ್ಕಾಲು ನಂಬುತ್ತೇನೆ.

ಕಳೆದ ವರ್ಷ ಅವನು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಬ್ರೆಡ್ ಕಂಪನಿಯ ವ್ಯಾನೊಂದು ಹಿಂದೆ ನೋಡದೆ ಹಿಂದಕ್ಕೆ ಬಂದು ಅವನನ್ನು ಕೆಡವಿತು. ತಲೆ ರಸ್ತೆಯ ಅಂಚಿನ ಕಲ್ಲಿಗೆ ಬಡಿಯಿತು. ಮೂಳೆ ಮುರಿಯಲಿಲ್ಲ, ರಕ್ತವೂ ಬರಲಿಲ್ಲ, ಒಂದು ಬೋರೆ ಎದ್ದಿತು ಅಷ್ಟೆ. ವ್ಯಾನಿನ ಹಿಂಬಾಗಿಲು ತೆರೆದುಕೊಂಡು ಆಗಷ್ಟೇ ಒಲೆಯಿಂದ ತೆಗೆದ ಬಿಸಿ ಬ್ರೆಡ್ಡು ಅವನ ಸುತ್ತ ರಾಶಿಯಾಗಿ ಬಿದ್ದಿತು. ಸುತ್ತ ನೆರೆದವರೆಲ್ಲ ಮೂಗರಳಿಸುತ್ತಿದ್ದರು. ಮೂಗುರಾಯ ಮಾತ್ರ ಬ್ರೆಡ್ಡಿನ ಹಾಸಿಗೆಯ ಮೇಲೆ ಅಂಗಾತ ಮಲಗಿ, ತನಗೆ ಯಾಕೆ ಏನೂ ಬರುತ್ತಿಲ್ಲ ಎಂದು ಆಕಾಶ ನೋಡುತ್ತಿದ್ದ. ತಲೆಗೆ ಪೆಟ್ಟು ಬಿದ್ದಾಗ ಮೂಗಿನಿಂದ ಮಿದುಳಿಗೆ ಹೋಗುವ ಎಳೆಯಂಥ ನರಗಳು ಕಿತ್ತುಹೋಗಿವೆ, ಇನ್ನು ಅವು ಕೂಡುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಸೆಂಟಿನಂಗಡಿಯ ಯಜಮಾನರು ಅವನನ್ನು ಮಿಶ್ರಣದ ಮೇಜಿನಿಂದ ಎಬ್ಬಿಸಿ ಸೀಸೆಗಳಿಗೆ ಲೇಬಲ್ ಅಂಟಿಸಲು ಕೂರಿಸಿದರು. ಸಂಬಳ ಅರ್ಧಕ್ಕಿಳಿಯಿತು. ಮೂಗುರಾಯ ಅತ್ತುಕೊಂಡು ಕೂರುವ ಜಾತಿಯವನಲ್ಲ. ವ್ಯಾನಿನ ಇನ್ಶೂರೆನ್ಸ್ ಕಂಪನಿಯ ಮೇಲೆ ದಾವೆ ಹೂಡಿದ. ಬಂದ ಪರಿಹಾರದಲ್ಲಿ ಬೀದಿಯ ತುದಿಯ ಬೀಗದಂಗಡಿಯನ್ನು ಕೊಳ್ಳುವುದೆಂದು ಶಪಥ ಮಾಡಿದ. ಅಂಗಡಿಯ ಮುದುಕ ವ್ಯಾಪಾರ ಬಿಟ್ಟು ಮಗಳ ಮನೆಗೆ ಹೋಗುವವನಿದ್ದ. ಬೀಗವನ್ನು ಮೂಸಿ ಕೊಳ್ಳುವ ಗಿರಾಕಿ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಮೂಗುರಾಯನ ಲೆಕ್ಕಾಚಾರ. ಇವತ್ತು ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಮುದುಕ ಹೇಳಿಯಾಗಿತ್ತು.

ಈಗ ಬ್ರಷ್ಷು ಗೋಡೆಗೆ ಅಂಟಿಕೊಂಡ ಜಾಗಕ್ಕೆ ವಾಪಸು ಬರೋಣ.

ಮೂಗುರಾಯ ನೆಗೆದದ್ದನ್ನು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನೋಡಿದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ. ಹೆಂಡತಿ ಕಾಫಿಗೆ ಕರೆಯಲು ತಡಮಾಡಿದರೂ ಊದುತ್ತಿದ್ದರು. ಅವರು ಹತ್ತಿರ ಬಂದು ಮೂಗುರಾಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಏನಯ್ಯ, ವಾಸನೆ ಬರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಈಗ ಇದೇನು?”

“ವಾಸನೆ ಅಲ್ಲ ಮೇಷ್ಟ್ರೆ. ಉರಿ. ಮೂಗೊಳಗೆ ಯಾರೋ ಕೆಂಡ ಇಟ್ಟಂಗೆ. ವಾಸನೆ ಏನಂತ ಕೇಳಿದ್ರೆ ಈಗಲೂ ನನಗೆ ಗೊತ್ತಿಲ್ಲ.”

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ನಿಜ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಬೀದಿಗೆ ಇರಲಿಲ್ಲ. ಪಾರ್ಲರ್ ಅಕ್ಕ ಅರ್ಧ ಬಣ್ಣ ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದಳು. ಗಿರಾಕಿಯೂ ಅರ್ಧ ಕಪ್ಪು ಅರ್ಧ ಬಿಳಿ ತಲೆಯೊಂದಿಗೆ ಹಿಂದೆಯೇ ಬಂದಳು. ಕಂಪನಿಯವರು ಇವತ್ತು ಜಡ್ಜರ ಮುಂದೆಯೇ ಮೂಗು ಪರೀಕ್ಷೆ ಮಾಡಿಸುತ್ತಾರೆ, ಡಾಕ್ಟರೊಬ್ಬರು ಸೀಸೆಗಳ ಪೆಟ್ಟಿಗೆ ತರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಇಂಥದೇ ಸೀಸೆಯೊಂದು ಬಂದರೆ, ಇವನು ಹೀಗೇ ನೆಗೆದರೆ, ಬೀಗದಂಗಡಿಗೆ ಬೀಗ ಬಿದ್ದಂತೆಯೇ ಎಂದು ಸಭೆ ತೀರ್ಮಾನಿಸಿತು.

ಮೂಗುರಾಯನ ಹೆಂಡತಿ ಒಳಗಿನಿಂದ ಬಂದು, ಅವನ ವಕೀಲರು ನಿನ್ನೆ ತಾನೆ ಏನು ಹೇಳಿದ್ದರು ಎಂದು ನೆನಪಿಸಿದಳು. ಏನಾಗುತ್ತದೋ ಅದನ್ನು ಹೇಳಿ, ನಾಟಕ ಬೇಡ ಎಂದು ಅವರು ಮೂರು ಸಲ ಹೇಳಿದ್ದರಂತೆ.

“ವಕೀಲ್ರಿಗೇನಮ್ಮ, ಹೇಳ್ತಾರೆ,” ಎಂದರು ಮೇಷ್ಟ್ರು. “ಜಡ್ಜು ನೋಡೋದು ಇವನ ಮುಖ. ಮುಖ ಅಲ್ಲಾಡಿದ್ರೆ ಮೂಗು ಇದೆ ಅಂತ ಬರ್ಕೋತಾರೆ. ಇದು ವಾಸನೆ, ಇದು ಉರಿ ಅಂತ ಬೇರೆ ಮಾಡೋಕೆ ಅವರೇನು ಇವನ ಮೂಗೊಳಗೆ ಬಾಡಿಗೆಗೆ ಇದ್ದಾರಾ?”

ಮೂಗುರಾಯ ಒಂದು ಕ್ಷಣ ಯೋಚಿಸಿದ. ಬೀದಿಯ ತುದಿಯಲ್ಲಿ ಬೀಗದ ಮುದುಕ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಸದ್ದು ಕೇಳಿಸಿತು. ಮೂಗುರಾಯ ಲುಂಗಿ ಎತ್ತಿ ಕಟ್ಟಿ ಓಣಿಯ ನಡುವೆ ಕುರ್ಚಿ ಹಾಕಿಕೊಂಡು ಕೂತ. “ತನ್ನಿ ಸೀಸೆ,” ಎಂದ.

ಆವತ್ತು ಆ ಓಣಿಯಲ್ಲಿ ನಡೆದ ತರಬೇತಿಯನ್ನು ಯಾವ ಸೈನ್ಯವೂ ಕಂಡಿರಲಾರದು. ಮೊದಲು ಸೀಮೆಎಣ್ಣೆ, ಫಿನಾಯಿಲು, ಮೇಷ್ಟ್ರ ಕಾಲುಚೀಲ ಬಂದವು. ಇವು ಅವನಿಗೆ ಲೆಕ್ಕವೇ ಅಲ್ಲ. ವಾಸನೆಯೇ ಬಾರದವನಿಗೆ ಕಾಲುಚೀಲವೂ ಒಂದೇ, ಗುಲಾಬಿಯೂ ಒಂದೇ. ಕಾಲುಚೀಲ ಬಂದಾಗ ಮಾತ್ರ ಸುತ್ತ ನಿಂತಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದರು, ತಂತಿಯ ಮೇಲೆ ಕೂತಿದ್ದ ಕಾಗೆಯೊಂದು ಹಾರಿಹೋಗಿ ಇಂದಿಗೂ ವಾಪಸು ಬಂದಿಲ್ಲ. ಆಮೇಲೆ ಬಂತು ತಲೆಬಣ್ಣದ ಸೀಸೆ.

ಮೊದಲ ಸಲ ಅವನು ಕುರ್ಚಿಸಮೇತ ಹಿಂದಕ್ಕೆ ಬಿದ್ದ. ಎರಡನೆಯ ಸಲ ಕೆಮ್ಮಿದ. ಆಮೇಲೆ ಬರೀ ಕಣ್ಣೀರು ಸುರಿಸಿದ. ಪ್ರತಿ ಸಲವೂ ಮೇಷ್ಟ್ರು ಸೀಟಿ ಊದಿ ಮತ್ತೆ ಕೂರಿಸುತ್ತಿದ್ದರು.

“ಉರಿ ಎಲ್ಲಾನೂ ಕಾಲಿಗೆ ಇಳಿಸು. ಕಾಲ್ಬೆರಳು ಮಡಿಚಿ ನೆಲ ಹಿಡ್ಕೋ. ಮುಖದಲ್ಲಿ ಏನೂ ಇರಬಾರದು. ಪಾಸ್‌ಪೋರ್ಟ್ ಫೋಟೋಲಿ ಇರ್ತೀಯಲ್ಲ, ಹಂಗಿರು.”

ಪಾಸ್‌ಪೋರ್ಟ್ ಫೋಟೋದ ಉಪಾಯ ಕೆಲಸ ಮಾಡಿತು. ಉರಿ ಏಳುತ್ತಿದ್ದಂತೆ ಮೂಗುರಾಯ ಕಾಲ್ಬೆರಳು ಮಡಿಚುತ್ತಿದ್ದ, ಮನಸ್ಸಿನಲ್ಲಿ ಬೀಗಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಕೊನೆಗೆ ಸೀಸೆಯನ್ನು ಮೂಗಿಗೆ ಒತ್ತಿ ಹಿಡಿದರೂ ರೆಪ್ಪೆ ಕೂಡ ಅಲ್ಲಾಡದಂತೆ ಕೂತ. ಕಣ್ಣಲ್ಲಿ ಹುಟ್ಟಿದ ನೀರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದ. ಅದು ದೇಹದ ಯಾವ ಭಾಗಕ್ಕೆ ಹೋಯಿತೋ ವೈದ್ಯಶಾಸ್ತ್ರವೇ ಹೇಳಬೇಕು. ಸಂತೋಷ ತಡೆಯಲಾರದೆ ಪಾರ್ಲರ್ ಅಕ್ಕ ಚಪ್ಪಾಳೆ ತಟ್ಟಿದಳು. ಆ ಭರದಲ್ಲಿ ಕೈಯಲ್ಲಿದ್ದ ಫಿನಾಯಿಲು, ಸೀಮೆಎಣ್ಣೆ ಎರಡೂ ಅವನ ಅಂಗಿಯ ಮೇಲೆ ಚೆಲ್ಲಿದವು. ಲುಂಗಿ ಬಿಚ್ಚಿ ಪ್ಯಾಂಟು, ಬೂಟು ಏರಿಸುವಷ್ಟರಲ್ಲಿ ಕೋರ್ಟಿನ ಬಸ್ಸಿಗೆ ಹೊತ್ತಾಯಿತು, ಅಂಗಿ ಬದಲಿಸಲು ಆಗಲಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಗುರಾಯ ಹತ್ತಿ ನಿಂತ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಅವನ ಸುತ್ತ ಒಂದು ಆಟದ ಮೈದಾನ ತಯಾರಾಗಿತ್ತು. ಅದರ ಮುಂದಿನ ನಿಲ್ದಾಣದಲ್ಲಿ ಅರ್ಧ ಬಸ್ಸು ಇಳಿಯಿತು. ಇವತ್ತು ಜನ ಎಷ್ಟು ಮರ್ಯಾದೆಯಿಂದ ಜಾಗ ಬಿಡ್ತಿದ್ದಾರೆ ಎಂದು ಅವನು ಹೆಂಡತಿಗೆ ಹೇಳಿದ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಅವಳಿಗೆ ಬಾಯಿ ತೆರೆಯುವ ಧೈರ್ಯವಾಗಲಿಲ್ಲ. ಮೇಷ್ಟ್ರು, ಪಾರ್ಲರ್ ಅಕ್ಕ, ಅರ್ಧ ಬಿಳಿ ತಲೆಯ ಗಿರಾಕಿ ಮೂವರೂ ಕಿಟಕಿಯಿಂದ ಸೊಂಟದವರೆಗೆ ಹೊರಗಿದ್ದರು.

ಕೋರ್ಟಿನ ಮೊಗಸಾಲೆಯಲ್ಲಿ ಅವನ ವಕೀಲರು ಬೇರೊಂದು ಕೇಸು ಮುಗಿಸಿ ಓಡಿಬಂದರು. ಕೋಟಿನ ಒಂದೇ ತೋಳು ಹಾಕಿಕೊಂಡಿದ್ದರು. ಹೇಳಿದ್ದೆಲ್ಲ ನೆನಪಿದೆಯಲ್ಲ ಎಂದು ಕೇಳಿದರು. ಎಲ್ಲ ನೆನಪಿದೆ ಸಾರ್, ಬೆಳಗ್ಗೆಯಿಂದ ಅದನ್ನೇ ಅಭ್ಯಾಸ ಮಾಡಿದ್ದೇನೆ ಎಂದ ಮೂಗುರಾಯ. ನಿಜ ಹೇಳಲು ಅಭ್ಯಾಸ ಯಾಕೆ ಬೇಕು ಎಂದು ವಕೀಲರು ಕೇಳುವಷ್ಟರಲ್ಲಿ ಒಳಗಿನಿಂದ ಕೂಗಿದರು.

ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸೆಂಟಿನಂಗಡಿಯ ಯಜಮಾನರು ಆಗಲೇ ಬಂದು ಕೂತಿದ್ದರು. ಮೂಗುರಾಯನ ಸಂಬಳದ ಬಗ್ಗೆ ಸಾಕ್ಷಿ ಹೇಳಲು ಬಂದವರು ಅವರು. ಇನ್ಶೂರೆನ್ಸ್ ಕಂಪನಿಯ ಪರವಾಗಿ ಲಾಯರಮ್ಮ ಎದ್ದು ನಿಂತರು. ನಗುವುದರಲ್ಲಿ ಅವರದು ಎತ್ತಿದ ಕೈ. ಆ ನಗು ಕಂಡು ಎಷ್ಟೋ ಮುರಿದ ಕಾಲುಗಳು ಕಟಕಟೆಯಲ್ಲೇ ಕೂಡಿಕೊಂಡು ನಡೆದುಹೋಗಿವೆ ಎಂದು ಕೋರ್ಟಿನಲ್ಲಿ ಪ್ರತೀತಿ.

ಪೆಟ್ಟಿಗೆ ತೆರೆದವರು ಮೂಗಿನ ಡಾಕ್ಟರು. ಸಣ್ಣ ದನಿಯ, ಆತುರವಿಲ್ಲದ ಮನುಷ್ಯ. ಮೂಗುರಾಯನ ಕಣ್ಣಿಗೆ ಬಟ್ಟೆ ಕಟ್ಟಲಿಲ್ಲ. ಒಂದೊಂದೇ ಸೀಸೆಯನ್ನು ಮೂಗಿನ ಹತ್ತಿರ ಹಿಡಿದು, ಏನಾದರೂ ಗೊತ್ತಾಯಿತೇ ಎಂದು ಕೇಳುತ್ತ ಹೋದರು. ಕಾಫಿಪುಡಿಗೆ ಇಲ್ಲ ಎಂದ. ಗುಲಾಬಿಗೆ ಇಲ್ಲ ಎಂದ; ಹಾಗೆನ್ನುವಾಗ ಅವನ ದನಿ ಕೊಂಚ ಕುಸಿಯಿತು, ಯಾಕೆಂದರೆ ಸೀಸೆಯ ಬಣ್ಣ ನೋಡಿಯೇ ಅದು ತಾನು ಬೆರೆಸುತ್ತಿದ್ದ ಗುಲಾಬಿ ಎಂದು ಅವನಿಗೆ ತಿಳಿದಿತ್ತು. ಕೊಳೆತ ಮೊಟ್ಟೆಯ ಸೀಸೆ ತೆರೆದಾಗ ಟೈಪಿಸ್ಟು ಯಂತ್ರವನ್ನು ಬಿಟ್ಟು ಕಿಟಕಿಗೆ ಓಡಿದ. ಮೂಗುರಾಯ ಅದನ್ನೂ ನೆಮ್ಮದಿಯಾಗಿ ಮೂಸಿ, ಇಲ್ಲ ಎಂದ. ಜಡ್ಜ್ ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದೇ ಏನೋ ಬರೆದುಕೊಂಡು ತಲೆದೂಗಿದರು. ವಕೀಲರ ಮುಖದಲ್ಲಿ ಬೆಳಕು ಮೂಡಿತು. ಕೇಸು ಅಲ್ಲಿಗೇ ನಿಂತಿದ್ದರೆ ಆವತ್ತು ಸಂಜೆ ಮೂಗುರಾಯ ಬೀಗ ಮಾರುತ್ತಿದ್ದ.

“ಇನ್ನೊಂದೇ ಒಂದು,” ಎಂದರು ಲಾಯರಮ್ಮ, ನಗುತ್ತ.

ಡಾಕ್ಟರು ನೀಲಿ ಸೀಸೆಯ ಮುಚ್ಚಳ ತಿರುಗಿಸಿದರು. ಎರಡನೆಯ ಸಾಲಿನಲ್ಲಿದ್ದ ಪಾರ್ಲರ್ ಅಕ್ಕನಿಗೆ ಅಲ್ಲಿಂದಲೇ ತಿಳಿಯಿತು. ಮೇಷ್ಟ್ರನ್ನು ಮೊಣಕೈಯಿಂದ ತಿವಿದಳು. ಮೇಷ್ಟ್ರು ಅಭ್ಯಾಸಬಲದಿಂದ ಸೀಟಿಗೆ ಕೈಹಾಕಿ ತಡೆದುಕೊಂಡರು. ಸೀಸೆ ಮೂಗುರಾಯನ ಮೂಗಿನ ಕೆಳಗೆ ಬಂತು.

ಅಯ್ಯಾ, ಅದೇನು ಉರಿ. ಬೆಳಗಿನ ಬಣ್ಣದ ಸೀಸೆ ಇದರ ಮುಂದೆ ಪನ್ನೀರು. ಎರಡು ಹೊಳ್ಳೆಗಳಲ್ಲೂ ಇಟ್ಟಿಗೆ ಗೂಡು ಹೊತ್ತಿಕೊಂಡಿತು, ತಲೆಬುರುಡೆಯ ಒಳಗೋಡೆಯ ಸುಣ್ಣ ಕಿತ್ತುಬಂತು. ಮೂಗುರಾಯ ಕಾಲ್ಬೆರಳು ಮಡಿಚಿದ. ಬೀಗ ಜೋಡಿಸಿದ. ಸಾಲು ಮುಗಿದು ಇನ್ನೊಂದು ಸಾಲು ಶುರುವಾಯಿತು. ಬಲಗಾಲಿನ ಬೂಟಿನ ಅಟ್ಟೆ ಪಟಕ್ಕನೆ ಬಿಟ್ಟುಕೊಂಡಿತು. ಮುಖ ಮಾತ್ರ ಪಾಸ್‌ಪೋರ್ಟ್ ಫೋಟೋ.

“ಏನಾದ್ರೂ ಅನಿಸ್ತಾ ಇದೆಯಾ?” ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ಇಲ್ಲ.”

“ನಿಧಾನವಾಗಿ ಹೇಳಿ. ಚುಚ್ಚಿದ ಹಾಗೆ, ಉರಿದ ಹಾಗೆ, ಏನೂ ಇಲ್ವಾ?”

ಆ ಮನುಷ್ಯ ಎಷ್ಟು ಕರುಣೆಯಿಂದ ಕೇಳಿದನೆಂದರೆ ಕಲ್ಲೂ ನಿಜ ಹೇಳಿಬಿಡಬೇಕು. ಆದರೆ ಮೂಗುರಾಯ ಕಲ್ಲಿಗಿಂತ ಗಟ್ಟಿಯಾಗಿದ್ದ. ಇದೇ ಬಲೆ ಎಂದುಕೊಂಡ. ಎರಡು ದೀರ್ಘ ಉಸಿರು ಎಳೆದು ತೋರಿಸಿದ.

“ಏನೇನೂ ಇಲ್ಲ ಸ್ವಾಮಿ. ಬರೀ ಗಾಳಿ.”

ಮೇಷ್ಟ್ರು ಹಿಂದಿನಿಂದ ಹೆಬ್ಬೆರಳೆತ್ತಿದರು. ಹೆಂಡತಿ ಕಣ್ಣೊರೆಸಿಕೊಂಡಳು, ಸೀಸೆಯ ಗಾಳಿ ಅವಳವರೆಗೂ ಬಂದಿತ್ತು. ಇಡೀ ಕೋರ್ಟು ಕೆಮ್ಮುತ್ತಿತ್ತು, ಅಳುತ್ತಿತ್ತು. ನಡುವೆ ಮೂಗುರಾಯನೊಬ್ಬನೇ ಅಲ್ಲಾಡದೆ ನಿಂತಿದ್ದ. ಡಾಕ್ಟರು ಮುಚ್ಚಳ ಹಾಕಿ, ಬೇಸರದಿಂದಲೇ ಅನ್ನಬೇಕು, ಜಡ್ಜರ ಕಡೆ ತಿರುಗಿದರು.

ಈ ಸೀಸೆಯಲ್ಲಿರುವುದು ಅಮೋನಿಯಾ ಎಂದು ಅವರು ವಿವರಿಸಿದರು. ಕಾಫಿ, ಗುಲಾಬಿ, ಮೊಟ್ಟೆ ಇವುಗಳ ವಾಸನೆ ಒಯ್ಯುವುದು ಒಂದು ನರ. ಅದು ಹೋಗಿದ್ದರೆ ಇವು ಯಾವುದೂ ತಿಳಿಯುವುದಿಲ್ಲ. ಅಮೋನಿಯಾದ ಉರಿಯನ್ನು ಒಯ್ಯುವುದು ಬೇರೆಯೇ ನರ, ಕೆನ್ನೆ ಹಲ್ಲುಗಳ ನೋವನ್ನು ಒಯ್ಯುವಂಥದು. ವಾಸನೆ ನಿಜವಾಗಿ ಕಳೆದುಕೊಂಡವರಿಗೂ ಅದು ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ನಿಜವಾಗಿ ವಾಸನೆ ಬಾರದವರು ಈ ಸೀಸೆಗೆ ಮಾತ್ರ ಬೆಚ್ಚಿಬಿದ್ದು ಹಿಂದೆ ಸರಿಯುತ್ತಾರೆ.

“ಇದಕ್ಕೂ ಏನೂ ಆಗಲಿಲ್ಲ ಅನ್ನೋರು,” ಎಂದು ಅವರು ನಿಲ್ಲಿಸಿ, “ಸಾಮಾನ್ಯವಾಗಿ ನಟಿಸ್ತಿರೋರು,” ಎಂದು ಮುಗಿಸಿದರು.

ಕೋರ್ಟಿನಲ್ಲಿ ಕೆಮ್ಮು ಕೂಡ ನಿಂತಿತು. ಮೂಗುರಾಯನಿಗೆ ವಿಷಯ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ, ಬೆಳಗ್ಗೆಯಿಂದ ಹಿಂದಕ್ಕೆ ಕಳಿಸಿದ ಕಣ್ಣೀರೆಲ್ಲ ಒಟ್ಟಿಗೆ ಹೊರಟು ಬಂತು.

“ಉರೀತು ಸ್ವಾಮಿ. ಪ್ರಾಣ ಹೋಗೋ ಹಂಗೆ ಉರೀತು. ಈಗಲೂ ಉರೀತಾ ಇದೆ.”

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು. “ಉರೀತು ಅನ್ನೋದು ನಿಜ ಆದ್ರೆ, ಪ್ರಮಾಣ ಮಾಡಿ ಏನೂ ಇಲ್ಲ ಅಂದದ್ದು ಸುಳ್ಳು. ಅದು ಸುಳ್ಳಾದ್ರೆ ಕಾಫಿಗೆ ಇಲ್ಲ, ಗುಲಾಬಿಗೆ ಇಲ್ಲ ಅಂದದ್ದನ್ನ ನಾನು ಯಾವ ಧೈರ್ಯದ ಮೇಲೆ ನಂಬಲಿ, ಹೇಳಿ?”

ವಕೀಲರು ತಮ್ಮ ಕೋಟಿನ ಇನ್ನೊಂದು ತೋಳನ್ನು ಹುಡುಕುತ್ತಿದ್ದರು. ಮೂಗುರಾಯ, ತನಗೆ ಬೆಳಗ್ಗೆ ಬೀದಿಯವರು ತರಬೇತಿ ಕೊಟ್ಟದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಆ ದಿನ ಅವನು ಅಲ್ಲಿ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು, ಅವನನ್ನು ಪೂರ್ತಿ ಮುಳುಗಿಸಿದ್ದೂ ಅದೇ. ಕೋರ್ಟಿಗೆ ಬರುವ ಮುನ್ನ ತರಬೇತಿ ಪಡೆದು ಬಂದಿದ್ದೀರಿ ಎಂದು ಲಾಯರಮ್ಮ ನಗದೆಯೇ ಬರೆಸಿಕೊಂಡರು. ಮೇಷ್ಟ್ರು ಯಾರಿಗೂ ಕಾಣದಂತೆ ಸೀಟಿಯನ್ನು ಅಂಗಿಯೊಳಗೆ ಇಳಿಸಿಕೊಂಡರು. ಮೂಗಿನ ಬಾಬ್ತು ದಾವೆ ವಜಾ ಆಯಿತು. ಡೊಂಕಾದ ಸೈಕಲ್ ಚಕ್ರದ ರಿಪೇರಿ ಖರ್ಚು ಮಾತ್ರ ಕಂಪನಿ ಕೊಡಬೇಕೆಂದು ಆದೇಶವಾಯಿತು.

ಹೊರಗೆ ಬಂದಾಗ ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು, ತರಬೇತಿಯಲ್ಲಿ ಮಾತ್ರ ಯಾವ ದೋಷವೂ ಇರಲಿಲ್ಲ, ರೆಪ್ಪೆ ಕೂಡ ಅಲ್ಲಾಡಲಿಲ್ಲ ಎಂದು ಸಮಾಧಾನ ಹೇಳಿದರು. ಮೂಗುರಾಯನ ಹೆಂಡತಿ ಅವರ ಕಡೆ ನೋಡಿದ ನೋಟಕ್ಕೆ ಅವರು ಹಿಂದಿರುಗಿ ಹೋಗಲು ಬೇರೆ ಬಸ್ಸು ಹಿಡಿದರು.

ಸೆಂಟಿನಂಗಡಿಯ ಯಜಮಾನರು ಮೂಗುರಾಯನಿಗಾಗಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಅವರ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಒಳಗೊಳಗೇ ಸಂತೋಷವೂ ಇತ್ತು. ಒಂದು ವರ್ಷದಿಂದ ಅವರು ಒಳ್ಳೆಯ ಮಿಶ್ರಣಗಾರನಿಲ್ಲದೆ ಒದ್ದಾಡಿದ್ದರು. ಅವರ ಹೊಸ ಸೆಂಟನ್ನು ಹಚ್ಚಿಕೊಂಡವರನ್ನು ಕಂಡು ಬೀದಿನಾಯಿಗಳು ರಸ್ತೆ ದಾಟುತ್ತಿದ್ದವಂತೆ.

“ಮೂಗು ಚೆನ್ನಾಗಿಟ್ಕೊಂಡು ವರ್ಷಪೂರ್ತಿ ಲೇಬಲ್ ಅಂಟಿಸ್ತಾ ಕೂತಿದ್ದೀಯಲ್ಲೋ. ಇರ್ಲಿ, ಕೋರ್ಟೇ ಹೇಳಿದ ಮೇಲೆ ಮುಗೀತು. ನಡಿ ಅಂಗಡಿಗೆ. ಇವತ್ತಿಂದಲೇ ಮಿಶ್ರಣದ ಮೇಜು, ಹಳೇ ಸಂಬಳ.”

ಹಳೇ ಸಂಬಳ ಎಂದ ಕೂಡಲೇ ಮೂಗುರಾಯ ನಿಂತುಬಿಟ್ಟ. ನನಗೆ ನಿಜವಾಗಿ ವಾಸನೆ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದ, ಮುಚ್ಚಿದ. ನಿಜ ಹೇಳಿದ್ದರ ಫಲವನ್ನು ಈಗಷ್ಟೇ ಕಂಡಿದ್ದ. ಬೀಗದಂಗಡಿಯಂತೂ ಕೈಬಿಟ್ಟಿತು. ಎಷ್ಟು ವರ್ಷ ಬೆರೆಸಿದ ಕೈ ಇದು. ಯಾವ ಎಣ್ಣೆ ಎಷ್ಟು ಹನಿ ಎಂದು ಕೈಗೆ ಗೊತ್ತಿದೆ, ಮೂಗಿನ ಹಂಗು ಯಾಕೆ ಎಂದು ಲೆಕ್ಕ ಹಾಕಿದ. ಪರಿಹಾರ ಕೊಡದಿದ್ದರೆ ಬೇಡ, ಕೋರ್ಟು ಕೊಟ್ಟ ಮೂಗನ್ನಾದರೂ ಬಳಸಿಯೇ ಸಿದ್ಧ ಎಂದು ಹಲ್ಲು ಕಚ್ಚಿ ನಿರ್ಧರಿಸಿ ಯಜಮಾನರ ಹಿಂದೆ ನಡೆದ. ಅಟ್ಟೆ ಬಿಟ್ಟ ಬೂಟು ಹೆಜ್ಜೆಹೆಜ್ಜೆಗೂ ಬಾಯಿ ತೆರೆದು ನಗುತ್ತಿತ್ತು.

ಅಂಗಡಿಯಲ್ಲಿ ಮೇಜಿನ ಮೇಲಿನ ಧೂಳೊರೆಸಿ, ತೋಳು ಮಡಿಚಿ, ಕುರ್ಚಿ ಎಳೆದುಕೊಂಡು ಕೂತ. ಎಷ್ಟೋ ದಿನದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಯಜಮಾನರು ಬಿಸಿಲಿನಲ್ಲಿ ಬಂದ ಆಯಾಸಕ್ಕೆ ಬೆವರೊರೆಸಿಕೊಳ್ಳುತ್ತ, ಮುಚ್ಚಳ ತೆಗೆದ ಗಾಜಿನ ಸೀಸೆಯೊಂದನ್ನು ಹಿಡಿದು ಅವನ ಮುಂದೆ ಬಂದು ನಿಂತರು. ಅವರು ಏನೋ ಹೇಳಲು ಹೊರಟಿದ್ದರು. ಮೂಗುರಾಯ ಅದಕ್ಕೆ ಅವಕಾಶ ಕೊಡಲಿಲ್ಲ. ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡು, ಹಳೆಯ ಗತ್ತಿನಲ್ಲಿ ಮೂಗಿನ ಕೆಳಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದ.

“ಮಲ್ಲಿಗೆ ಒಂದು ಹನಿ ಜಾಸ್ತಿಯಾಗಿದೆ,” ಎಂದ.

ಯಜಮಾನರು ಸೀಸೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ವರ್ಷದಲ್ಲಿ ಮೊದಲ ಬಾರಿಗೆ ನಿಜವಾದ ಮರುಕವಿತ್ತು.

“ಪಾಪ, ನಿನಗೆ ನಿಜವಾಗ್ಲೂ ವಾಸನೆ ಬರಲ್ಲ ಕಣಯ್ಯಾ.”

ಮೂಗುರಾಯ ಕುರ್ಚಿಯಿಂದ ಎದ್ದೇಬಿಟ್ಟ. ಭೂಮಿಯ ಮೇಲೆ ತನ್ನನ್ನು ನಂಬಿದ ಒಬ್ಬ ಮನುಷ್ಯ ಕೊನೆಗೂ ಸಿಕ್ಕಿದ್ದ. ಮೇಲಿನ ಕೋರ್ಟಿಗೆ ಹೋಗೋಣ, ಈಗ ಕಂಡದ್ದನ್ನು ಅಲ್ಲಿ ಬಂದು ಹೇಳಿ, ಅಷ್ಟು ಸಾಕು ಎಂದು ಯಜಮಾನರ ಎರಡೂ ಕೈ ಹಿಡಿದುಕೊಂಡ.

“ಹೇಳಬಹುದಿತ್ತು,” ಎಂದರು ಅವರು, ಕೈ ಬಿಡಿಸಿಕೊಳ್ಳುತ್ತ. “ಆದ್ರೆ ಇದನ್ನ ಕೋರ್ಟಲ್ಲಿ ಹೇಳಿದ್ರೆ ನಾಳೆ ಊರೇನನ್ನುತ್ತೆ ಯೋಚಿಸು. ಆ ಸೆಂಟಿನಂಗಡೀಲಿ ನೀರಿಗೆ ಮಲ್ಲಿಗೆ ಅಂತಾರೆ ಅನ್ನುತ್ತೆ. ಹೋಗು, ಲೇಬಲ್ ಮೇಜಿಗೆ ಹೋಗು.”

ಹೀಗೆಂದು ಯಜಮಾನರು ಸೀಸೆ ಎತ್ತಿ, ಮಲ್ಲಿಗೆ ಒಂದು ಹನಿ ಜಾಸ್ತಿಯಾಗಿದ್ದ ಆ ಸೆಂಟನ್ನು ಗಟಗಟನೆ ಕುಡಿದು ಮುಗಿಸಿದರು.